ವೀರ ಚಕ್ರದಲ್ಲೇ ಮುಗಿಸಿಬಿಟ್ಟಿರಲ್ಲ!

ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್. ರಾಮದಾಸ್ ಅವರ ಬಗ್ಗೆ ಈ ಲೇಖನ ಚೆನ್ನಾಗಿ ಬರೆದಿದ್ದೀರಿ, ಆದರೆ ಪದಕಗಳ ಪಟ್ಟಿಯೇ ಜಾಸ್ತಿ ಆಯಿತು. 1971ರ ಯುದ್ಧದಲ್ಲಿ ಐಎನ್‌ಎಸ್ ಬಿಯಾಸ್ ಹಡಗನ್ನು ಮುನ್ನಡೆಸಿ, ಶೌರ್ಯಕ್ಕೆ ಕೊಡುವ ವೀರ ಚಕ್ರ ಪಡೆದದ್ದು ದೊಡ್ಡದೇ, ಇಲ್ಲ ಅನ್ನಲ್ಲ. ಅವರು ನೌಕಾಪಡೆ ಮುಖ್ಯಸ್ಥರಾಗಿದ್ದಾಗಲೇ, 1992ರಲ್ಲಿ, ನೌಕಾಪಡೆಯ ವೈದ್ಯಕೀಯ ವಿಭಾಗವಷ್ಟೇ ಅಲ್ಲದೆ ಬೇರೆ ವಿಭಾಗಗಳಿಗೂ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಬಂದದ್ದು. ಅದಕ್ಕೆ ಒಂದು ಸಾಲೂ ಇಲ್ಲ! 1993ರಲ್ಲಿ ನಿವೃತ್ತರಾದ ಮೇಲೆ ಮಹಾರಾಷ್ಟ್ರದ ಅಲಿಬಾಗ್ ಹತ್ತಿರ ತೋಟ ನೋಡಿಕೊಂಡು ಸುಮ್ನೆ ಇರಬಹುದಿತ್ತು, ಅಲ್ವಾ? ತಾವೇ ಯುದ್ಧ ಮಾಡಿದ ಪಾಕಿಸ್ತಾನದ ಜನರ ಜೊತೆ ಶಾಂತಿಯ ಮಾತಾಡಲು ಹೊರಟರು, ಅಣ್ವಸ್ತ್ರ ಬೇಡ ಅಂದರು. 2004ರಲ್ಲಿ ಏಷ್ಯಾದ ದೊಡ್ಡ ಗೌರವವಾದ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಪಾಕಿಸ್ತಾನದ ಮಾನವ ಹಕ್ಕು ಹೋರಾಟಗಾರ ಐ.ಎ. ರೆಹಮಾನ್ ಅವರ ಜೊತೆಗೇ. ನನಗಂತೂ ಎಲ್ಲ ಪದಕಗಳಿಗಿಂತ ಅದೇ ಇಷ್ಟ. "ಸೈನಿಕನಿಗೆ ಯಾಕೆ ಈ ಉಸಾಬರಿ" ಅಂತ ಮೇಲಿನ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಯುದ್ಧ ಕಣ್ಣಾರೆ ಕಂಡವರು ಮಾತಾಡದೆ ಇನ್ಯಾರು ಮಾತಾಡಬೇಕು ಸ್ವಾಮಿ? ಎರಡನೇ ಭಾಗ ಬರೆಯಿರಿ, ಓದುತ್ತೇವೆ.