ನಿಜವಾದ ನಾನು ಯಾವ ಬ್ರಾಂಚಿನಲ್ಲಿದ್ದೀನಿ?

'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಎಂಬ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯ, 1993ರಲ್ಲಿ ಬಂದ ಒಂದು ಕಂತಿನಲ್ಲಿ ವಿಲಿಯಂ ರೈಕರ್ ಎಂಬ ಅಧಿಕಾರಿ ಇಬ್ಬರಾಗಿರುತ್ತಾನೆ. ಮನುಷ್ಯರನ್ನು ಕಿರಣ ಮಾಡಿ ಸಾಗಿಸುವ ಯಂತ್ರದ ಎಡವಟ್ಟು. ಒಬ್ಬ ನೌಕೆ ಸೇರಿ ಬಡ್ತಿ ಮೇಲೆ ಬಡ್ತಿ ಪಡೆದ. ಇನ್ನೊಬ್ಬ ನಿರ್ಜನ ಗ್ರಹದಲ್ಲಿ ಎಂಟು ವರ್ಷ ಲೆಫ್ಟಿನೆಂಟಾಗಿಯೇ ಕೊಳೆತ. ಎದುರಾದ ಮೇಲೆ ಹಳೇ ಪ್ರೇಯಸಿ, ಕಣ್ಣೀರು, ಮುನಿಸು.

ಸಿಬ್ಬಂದಿ ಶಾಖೆಯಲ್ಲಿ ಇಪ್ಪತ್ತೆಂಟು ವರ್ಷ ಕಡತ ಹೊತ್ತ ನನಗೆ ಕಣ್ಣೀರು ಬರಲಿಲ್ಲ. ಆ ಎಂಟು ವರ್ಷದ ಹಿಂಬಾಕಿ ಏನಾಯಿತು? ಅದು ಅನಧಿಕೃತ ಗೈರುಹಾಜರಿಯೋ, ಓಓಡಿಯೋ, ಅಂದರೆ ಅನ್ಯ ಕರ್ತವ್ಯದ ಮೇಲಿದ್ದದ್ದೋ? ಮಂಜೂರಾದ ಹುದ್ದೆ ಒಂದು, ಆಸಾಮಿ ಇಬ್ಬರು. ಹುಟ್ಟಿದ ತಾರೀಖೂ ಒಂದೇ ಅಂದಮೇಲೆ ಜ್ಯೇಷ್ಠತಾ ಪಟ್ಟಿ ಮಾಡುವ ಗುಮಾಸ್ತನ ಗತಿಯೇನು? ಕೊನೆಗೆ ಎರಡನೆಯವನು ತನ್ನ ಮಧ್ಯದ ಹೆಸರು ಥಾಮಸ್ ಎಂಬುದನ್ನೇ ಮುಂದೆ ಮಾಡಿಕೊಂಡು ಹೊರಟೇಬಿಟ್ಟ. ಅಫಿಡವಿಟ್ ಇಲ್ಲ, ಪೇಪರಿನಲ್ಲಿ ಪ್ರಕಟಣೆಯಿಲ್ಲ! ಹೊರಟ ನೌಕೆಯ ಹೆಸರು 'ಗಾಂಧಿ'. ವರ್ಗಾವಣೆಗೆ ಗಾಂಧಿ ಬೇಕು ಅನ್ನುವುದೊಂದನ್ನು ಮಾತ್ರ ನಮ್ಮವರೇ ಯಾರೋ ಹೇಳಿಕೊಟ್ಟಿರಬೇಕು.

ಇಬ್ಬರಲ್ಲಿ ಅಸಲು ಯಾರು ಅಂತ ಅವರು ತಲೆ ಕೆರೆದುಕೊಳ್ಳುತ್ತಾರೆ. ನಮ್ಮಲ್ಲಿ ಆ ಗೊಂದಲವೇ ಇಲ್ಲ. ಜೆರಾಕ್ಸ್ ತಂದವನೇ ಅಸಲು. ಅದರ ಮೇಲೆ ಗೆಜೆಟೆಡ್ ಅಧಿಕಾರಿ ಹಸಿರು ಶಾಯಿಯಲ್ಲಿ 'ಟ್ರೂ ಕಾಪಿ' ಅಂತ ಗೀಚಿದರೆ ಬ್ರಹ್ಮನೂ ತಿದ್ದುವಂತಿಲ್ಲ.

ಹೋದ ನವೆಂಬರಿನಲ್ಲಿ ನಮ್ಮ ಚಿಕ್ಕಪ್ಪನನ್ನು ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕೊಂದಕ್ಕೆ ಕರೆದೊಯ್ದಿದ್ದೆ. ಎಂಬತ್ತೊಂದು ವರ್ಷ, ಸುಣ್ಣ ತೀಡಿ ತೀಡಿ ಹೆಬ್ಬೆಟ್ಟಿನ ಗೆರೆ ಎಂದೋ ಸವೆದಿದೆ. ಮಷೀನು ಕೆಂಪು ದೀಪ ತೋರಿಸಿತು.

"ಮ್ಯಾಚ್ ಆಗ್ತಿಲ್ಲ ಅಜ್ಜಾ. ಒರೆಸಿ ಇಡಿ."

ಪಂಚೆಗೆ ಒರೆಸಿದರು. ಮತ್ತೆ ಕೆಂಪು. ಹಣೆಗೆ ಉಜ್ಜಿ ಜಿಡ್ಡು ಹತ್ತಿಸಿಕೊಂಡರು. ಕೆಂಪು. ಬಾಕಿ ಒಂಬತ್ತು ಬೆರಳೂ ಒಂದೊಂದಾಗಿ ಚಿಕ್ಕಪ್ಪನನ್ನು ಗುರುತು ಹಿಡಿಯಲಿಲ್ಲ.

"ಹೋದ ವರ್ಷದ್ದು ಜೆರಾಕ್ಸ್ ಇದ್ಯಾ?" ಅಂದ ಹುಡುಗ.

"ನಾನೇ ಬಂದಿದ್ದೀನಲ್ಲಪ್ಪಾ."

"ನೀವು ಬಂದ್ರೆ ಆಗಲ್ಲ ಅಜ್ಜಾ. ಸಿಸ್ಟಮ್ಮು ನೀವು ನೀವಲ್ಲ ಅಂತಿದೆ."

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಕೌಂಟರಿನ ಗಾಜಿಗೆ ಮುಖ ಹತ್ತಿಸಿದರು.

"ಹಂಗಾದ್ರೆ ನಿಜವಾದ ನಾನು ಯಾವ ಬ್ರಾಂಚಿನಲ್ಲಿದ್ದೀನಿ, ಸ್ವಲ್ಪ ನೋಡಿ ಹೇಳಪ್ಪಾ. ಪೆನ್ಷನ್ನು ಅವನೇ ಎತ್ಕೊಂಡು ಹೋಗ್ತಿರಬೇಕು."

ಹುಡುಗ ನಿಜಕ್ಕೂ ಹುಡುಕತೊಡಗಿದ.