ಎರಡನೇ ಚರಣ ಯಾರ ಹತ್ತಿರ ಇದೆ?

ಬೆಳಿಗ್ಗೆ ಆರೂಕಾಲಿಗೆ ಪಾರ್ಕಿನ ಗೇಟು ದಾಟಿ, ಹಾಗಲಕಾಯಿ ಜ್ಯೂಸಿನವನ ಕಣ್ಣು ತಪ್ಪಿಸಿ, ಎರಡನೇ ಸುತ್ತಿನಲ್ಲಿ ಉಸಿರು ಇನ್ನೇನು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಎದುರಿನಿಂದ ಎಸ್. ಜಾನಕಿ ಬರುತ್ತಾರೆ. ಹೊಂಗೆಮರದ ಹತ್ತಿರ ಸಣ್ಣಗೆ ಶುರುವಾಗಿ, ಕಲ್ಲುಬೆಂಚಿನ ಹತ್ತಿರ ಸ್ಪಷ್ಟವಾಗಿ, ನನ್ನ ಬಲಭುಜ ದಾಟಿ ಹಿಂದಕ್ಕೆ ಹೋಗಿಬಿಡುತ್ತಾರೆ. ಎಲ್ಲ ಸೇರಿ ಹನ್ನೆರಡು ಸೆಕೆಂಡು, ಎಣಿಸಿದ್ದೇನೆ. ಅರ್ಧ ಸುತ್ತು ಕಳೆದು ಮಕ್ಕಳ ಜಾರುಬಂಡೆ ಹತ್ತಿರ ಪಿ.ಬಿ. ಶ್ರೀನಿವಾಸ್. ಮತ್ತೆ ಹೊಂಗೆಮರಕ್ಕೆ ಬಂದರೆ ಎಸ್ಪಿಬಿ. ಎಲ್ಲರೂ ಒಬ್ಬರೇ ಯಜಮಾನರ ಅಂಗಿ ಜೇಬಿನಲ್ಲಿ ಕೂತು ವಾಕಿಂಗ್ ಹೊರಟವರು.

ಆ ಯಜಮಾನರಿಗೆ ನಾನಿಟ್ಟ ಹೆಸರು ಪಲ್ಲವಿ ರಾಯರು. ನಿಜವಾದ ಹೆಸರು ಕೇಳಿಲ್ಲ. ಬನಶಂಕರಿಯ ಪಾರ್ಕುಗಳಲ್ಲಿ ಹತ್ತು ವರ್ಷ ಎದುರಾಬದುರಾ ನಡೆದ ಮೇಲೂ ಹೆಸರು ಕೇಳುವ ಪದ್ಧತಿ ಇಲ್ಲ, 'ಊಟ ಆಯ್ತಾ' ಎಂದು ಬೆಳಿಗ್ಗೆ ಕೇಳಲಾಗದೆ 'ಇವತ್ತು ಚಳಿ' ಎಂದು ಮುಂದೆ ಹೋಗುವುದಷ್ಟೇ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು ಎಂಬುದೂ ಅವರು ಹೇಳಿ ಗೊತ್ತಾದದ್ದಲ್ಲ, ಹೆಬ್ಬೆರಳಿನಿಂದ ಊಹಿಸಿದ್ದು. ಆಮೇಲೆ ಸರಿ ಎಂದೇ ತಿಳಿಯಿತು. ಹಾಡು ಬದಲಿಸುವ ಮೊದಲು ಅವರು ಜೇಬಿನಿಂದ ಫೋನು ತೆಗೆಯುತ್ತಾರೆ, ಬಲಗೈ ಹೆಬ್ಬೆರಳನ್ನು ನಾಲಿಗೆಗೆ ತಾಗಿಸುತ್ತಾರೆ, ಆಮೇಲೆ ಗಾಜಿನ ಪರದೆಯನ್ನು ಹತ್ತರ ನೋಟು ಸರಿಸಿದಂತೆ ಸರಿಸುತ್ತಾರೆ. ಒದ್ದೆ ಬೆರಳಿಗೆ ಫೋನು ಕೆಲವು ಸಲ ಮಾತು ಕೇಳುವುದಿಲ್ಲ. ಆಗ ಪ್ಯಾಂಟಿಗೆ ಬೆರಳು ಒರೆಸಿಕೊಂಡು, ಮತ್ತೆ ನಾಲಿಗೆಗೆ ತಾಗಿಸಿ, ಮತ್ತೆ ಸರಿಸುತ್ತಾರೆ.

ಈಗ ನನ್ನ ತಕರಾರು ಏನು ಅಂತ ಹೇಳಿಬಿಡುತ್ತೇನೆ. ಜೋರಾಗಿ ಹಾಡು ಹಾಕುತ್ತಾರೆ ಅಂತಲ್ಲ. ಅದೂ ಇದೆ, ಆದರೆ ಮೂಲೆಯಲ್ಲಿ ನಗೆಕೂಟದ ಹದಿನೈದು ಜನ ಕೈ ಮೇಲೆತ್ತಿ ಒಟ್ಟಿಗೆ 'ಹಹ್ಹಹ್ಹಾ' ಅನ್ನುವ ಪಾರ್ಕಿನಲ್ಲಿ ಜಾನಕಿಯಮ್ಮನ ಮೇಲೆ ಕೇಸು ಹಾಕುವುದು ನ್ಯಾಯವಲ್ಲ. ಹಾಕುವ ಹಾಡುಗಳೂ ಕೆಟ್ಟವಲ್ಲ. ಕೆಟ್ಟವಾಗಿದ್ದರೆ ಬೈದುಕೊಂಡು ಹಾಯಾಗಿ ಇರಬಹುದಿತ್ತು. ಒಂದೊಂದೂ ನನ್ನ ಹಾಡೇ. ನಾನು ಹೈಸ್ಕೂಲಿನಲ್ಲಿ, ಪಿಯುಸಿಯಲ್ಲಿ ಓದುವುದು ಬಿಟ್ಟು ಬಾಯಿಪಾಠ ಮಾಡಿದವು. ತಕರಾರು ಇಷ್ಟೇ: ಈ ಮನುಷ್ಯ ಪಲ್ಲವಿ ಮುಗಿದ ಕೂಡಲೇ ಹಾಡು ಬದಲಿಸುತ್ತಾನೆ. ಒಂದು ದಿನವೂ, ಒಂದು ಹಾಡಿಗೂ, ಚರಣ ಬರಲು ಬಿಟ್ಟವನಲ್ಲ.

ಇದರ ಕಷ್ಟ ಅನುಭವಿಸಿದವರಿಗೇ ಗೊತ್ತು. ಪಲ್ಲವಿ ಕಿವಿಗೆ ಬಿದ್ದಮೇಲೆ ಮಿಕ್ಕ ಹಾಡನ್ನು ತಲೆ ತಾನೇ ಹಾಡಿ ಮುಗಿಸಬೇಕು, ಇಲ್ಲದಿದ್ದರೆ ಅದು ಸೀನು ಬಂದು ನಿಂತುಹೋದ ಹಾಗೆ. ಬೆಳಿಗ್ಗೆಯೊಂದಕ್ಕೆ ಹದಿನೈದು ಸೀನು ನಿಂತುಹೋದರೆ ಗತಿ ಏನು? ಆಫೀಸಿನಲ್ಲಿ ಮ್ಯಾನೇಜರು ಟಾರ್ಗೆಟ್ಟು ಎನ್ನುತ್ತಿದ್ದರೆ ನನ್ನೊಳಗೆ ಕೊಳಲು. ಸಿಲ್ಕ್ ಬೋರ್ಡಿನಲ್ಲಿ ನಲವತ್ತು ನಿಮಿಷ ನಿಂತರೆ ಅದೇ ಅರ್ಧ ಸಾಲು ನಲವತ್ತು ನಿಮಿಷ. ಸಂಜೆ ಹೆಂಡತಿ 'ಏನ್ರೀ ಬೆಳಿಗ್ಗೆಯಿಂದ ಅದನ್ನೇ ಗೊಣಗ್ತಿದೀರ' ಅಂದಾಗಲೇ ನಾನು ಗುನುಗುತ್ತಿರುವುದು ನನಗೆ ತಿಳಿಯುವುದು. ಅವಳ ಕಿವಿಗೆ ಅದು ಗೊಣಗು.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. 'ಸಾರ್, ಪೂರ್ತಿ ಹಾಡು ಯಾಕೆ ಕೇಳೋದಿಲ್ಲ ನೀವು?'

ರಾಯರು ನಿಂತರು. ಅವರ ಮುಖದಲ್ಲಿ ಕೌಂಟರು ಮುಚ್ಚುವ ಹೊತ್ತಿಗೆ ಚಿಲ್ಲರೆ ಕೇಳಿದ ಗಿರಾಕಿಯನ್ನು ನೋಡುವ ಕಳೆ. 'ನಲವತ್ತೈದು ನಿಮಿಷ ನಡೀರಿ ಅಂದಿದಾರೆ ಡಾಕ್ಟ್ರು. ಪೂರ್ತಿ ಕೇಳ್ತಾ ಕೂತ್ರೆ ಹತ್ತು ಹಾಡು ಆಗುತ್ತೆ. ಹೀಗಾದ್ರೆ ನಲವತ್ತು. ಪಲ್ಲವಿ ಕೇಳಿದ್ರೆ ಮಿಕ್ಕಿದ್ದು ಗೊತ್ತೇ ಇದೆಯಲ್ಲ ಸಾರ್, ಕಟ್ಟಿನ ಮೇಲೆ ಚೀಟಿ ಇದ್ದ ಹಾಗೆ. ಒಳಗೆ ನೂರು ನೋಟು ಇದ್ದೇ ಇರುತ್ತೆ, ದಿನಾ ಬಿಚ್ಚಿ ಎಣಿಸಬೇಕಾ?'

ನನ್ನ ಬಾಯಿ ಕಟ್ಟಿತು. ಸೋತ ಸಿಟ್ಟಿಗೆ ಕಾನೂನು ಹಿಡಿದೆ. '2021ರಲ್ಲಿ ಹೈಕೋರ್ಟೇ ಹೇಳಿದೆ ಸಾರ್, ಬಸ್ಸಲ್ಲಿ ಮೊಬೈಲ್ ಜೋರಾಗಿ ಹಾಕಬಾರದು ಅಂತ.' ರಾಯರು ಸುತ್ತಲೂ ಒಮ್ಮೆ ನೋಡಿದರು. ಹೊಂಗೆ, ಬೆಂಚು, ಜಾರುಬಂಡೆ. 'ಇದು ಬಸ್ಸಾ?' ಎಂದರು. ಹೆಬ್ಬೆರಳು ನಾಲಿಗೆಗೆ ಹೋಯಿತು.

ನೂರು ನೋಟು ಇದ್ದೇ ಇರುತ್ತೆ ಅಂತಾರಲ್ಲ, ನನ್ನ ಕಟ್ಟಿನಲ್ಲಿ ಇಲ್ಲ. ಅದೇ ನನ್ನ ನೋವು.

ನಮ್ಮ ಮನೆಗೆ ಟೂ ಇನ್ ಒನ್ ಬಂದಾಗ ನಾನು ಹತ್ತನೇ ಕ್ಲಾಸು. ಅದಕ್ಕೂ ಮೊದಲು ವಿವಿಧ ಭಾರತಿಯ ಕೋರಿಕೆ ಕಾರ್ಯಕ್ರಮವೇ ಗತಿ. ಹದಿನೈದು ಪೈಸೆಯ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಬರೆದು, ಹೆಸರು ಸಾಲದಾದಾಗ ನಾಯಿ ಟಾಮಿಯನ್ನೂ ಸೇರಿಸಿ ಕಳಿಸುವುದು. ನಮ್ಮ ಹೆಸರು ಒಮ್ಮೆಯೂ ಓದಲಿಲ್ಲ, ಅದು ಇರಲಿ. ಟೂ ಇನ್ ಒನ್ ಬಂದಮೇಲೆ ರೇಡಿಯೊದಿಂದಲೇ ಹಾಡು ಹಿಡಿಯಬಹುದಾಯಿತು. ಪ್ಲೇ, ರೆಕಾರ್ಡ್ ಎರಡೂ ಗುಂಡಿಗಳ ಮೇಲೆ ಬೆರಳಿಟ್ಟು, ಉದ್ಘೋಷಕಿ ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರು ಎಲ್ಲ ಹೇಳಿ ಮುಗಿಸುವುದನ್ನೇ ಬೆಕ್ಕಿನ ಹಾಗೆ ಕಾಯುವುದು. ಎಷ್ಟು ಚುರುಕಾಗಿ ಒತ್ತಿದರೂ 'ರಾಜನ್-ನಾಗೇಂದ್ರ'ರಲ್ಲಿ 'ದ್ರ' ಬಂದುಬಿಡುತ್ತಿತ್ತು. ಇವತ್ತಿಗೂ ನನ್ನ ಮಟ್ಟಿಗೆ ಆ ಕಾಲದ ಕೆಲವು ಹಾಡುಗಳು 'ದ್ರ' ಎಂದೇ ಶುರುವಾಗುತ್ತವೆ.

ಆಮೇಲೆ ಜೇಬಿನಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಬಿಟಿಎಸ್ ಬಸ್ಸು ಹತ್ತಿ ಗಾಂಧಿನಗರದ ರೆಕಾರ್ಡಿಂಗ್ ಅಂಗಡಿಗೆ ಹೋದೆ. ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು, ಎರಡು ದಿನ ಬಿಟ್ಟು ಬಾ ಎನ್ನುತ್ತಿದ್ದರು. ಆ ಪಟ್ಟಿ ತಯಾರಿಸಲು ನಾನು ಪಟ್ಟ ಪಾಡು ಮುಂದೆ ನನ್ನ ಮದುವೆಯ ಆಮಂತ್ರಣದ ಪಟ್ಟಿಗೂ ಪಡಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು. ಹಾಡು ನಾಲ್ಕೂವರೆ ನಿಮಿಷ ಅಂದರೆ ಆರು ಹಾಡಿಗೆ ಇಪ್ಪತ್ತೇಳು. ಉಳಿದ ಮೂರು ನಿಮಿಷ ಖಾಲಿ ಬಿಡಿ ಎಂದರೆ ಅಂಗಡಿಯವನಿಗೆ ಹೊಟ್ಟೆ ಉರಿ. 'ವೇಸ್ಟ್ ಯಾಕೆ, ಇನ್ನೊಂದು ಹಾಕಿದೀನಿ, ಎಷ್ಟು ಬರುತ್ತೋ ಬರಲಿ' ಎಂದು ಪುಕ್ಕಟೆಯಾಗಿ ಏಳನೆಯದನ್ನು ತುರುಕಿ ಕೊಟ್ಟ.

ಆ ಏಳನೆಯದೇ ನನ್ನ ಪ್ರಾಣ ಹಿಂಡಿದ್ದು. ಯಾವ ಹಾಡು ಎಂದು ಹೇಳುವುದಿಲ್ಲ. ಹೇಳಿದರೆ ನೀವು ಇಲ್ಲಿಂದ ಎದ್ದು ಅದನ್ನು ಹುಡುಕಲು ಹೋಗುತ್ತೀರಿ. ಎಸ್ಪಿಬಿ, ಜಾನಕಿ ಇಬ್ಬರೂ ಹಾಡಿದ್ದು, ನಡುವೆ ಕೊಳಲು. ಪಲ್ಲವಿ ಆಯಿತು, ಮೊದಲ ಚರಣ ಆಯಿತು, ಕೊಳಲು ಬಂತು, ಎರಡನೇ ಚರಣದ ಮೊದಲ ಸಾಲಿನಲ್ಲಿ ಜಾನಕಿಯಮ್ಮ ಒಂದು ಪದವನ್ನು ಎತ್ತಿ ಮೇಲಕ್ಕೆ ಒಯ್ಯುತ್ತಾರೆ, ಇನ್ನೇನು ಇಳಿಸಬೇಕು, 'ಟಕ್'. ಟೇಪು ಮುಗಿದು ಗುಂಡಿ ಮೇಲೆದ್ದ ಸದ್ದು. ಆ ಪದ ಇಂದಿಗೂ ಮೇಲೇ ಇದೆ. ನೂರಾರು ಸಲ ಕೇಳಿದೆ, ಪ್ರತಿಸಲವೂ ಈ ಸಲವಾದರೂ ಇಳಿದೀತು ಎಂಬ ದುರಾಸೆ. ಟೇಪು ಸಿಕ್ಕಿಕೊಂಡು ಶಾವಿಗೆಯಂತೆ ಹೊರಬಂದಾಗ ನಟರಾಜ ಪೆನ್ಸಿಲ್ಲು ತೂರಿಸಿ ಸುತ್ತಿ, ಸುಕ್ಕಾದ ಜಾಗವನ್ನು ಉಗುರಿನಿಂದ ನೀವಿ ಮತ್ತೆ ಕೇಳಿದೆ. ನೀವಿದ ಜಾಗದಲ್ಲಿ ಎಸ್ಪಿಬಿ ನೀರಿನೊಳಗಿಂದ ಹಾಡಿದ ಹಾಗಾಯಿತು, ಆದರೆ 'ಟಕ್' ಮಾತ್ರ ಅಲ್ಲೇ ಗಟ್ಟಿಯಾಗಿ ಕೂತಿತ್ತು.

1987ರಲ್ಲಿ 'ಪ್ರೇಮಲೋಕ' ಬಂದು ಹಂಸಲೇಖ ಎಲ್ಲರ ತಲೆ ಕೆಡಿಸಿದಾಗ ನಾನೂ ಆ ಕಡೆ ವಾಲಿದೆ. ಕಾಲೇಜಿನ ಎದುರಿನ ಹೋಟೆಲಿನಲ್ಲಿ ಮಾಲೀಕರು ಕ್ಯಾಸೆಟ್ಟಿನ ಎರಡೂ ಬದಿ ಹಾಕಿ ಮುಗಿಸುವವರೆಗೂ ಒಂದು ಬೈಟು ಕಾಫಿಯನ್ನು ಇಬ್ಬರು ಕುಡಿಯುತ್ತಿದ್ದೆವು. 'ಇದೂ ಒಂದು ಹಾಡೇನೋ, ಬರೀ ಮಾತಾಡ್ತಾರಲ್ಲೋ' ಎಂದು ಅಪ್ಪ ಬೈದರು. ಏಳನೇ ಹಾಡು ಕಪಾಟಿನ ಮೇಲೆ ಸೇರಿತು. ಆಮೇಲೆ ಕೆಲಸ, ಮದುವೆ, ಮನೆ ಸಾಲ.

'ಫೋನಲ್ಲಿ ಹಾಕ್ಕೊಂಡು ಕೇಳಿ, ಮುಗೀತಲ್ಲ' ಎಂದಳು ಹೆಂಡತಿ. ಕೇಳಲಿಲ್ಲ ಅಂತ ತಿಳಿದಿರಾ? ಕೇಳಿದೆ. ರಾತ್ರಿ ಹತ್ತಕ್ಕೆ, ಹಾಲಿನಲ್ಲಿ, ದೀಪ ಆರಿಸಿ. ಕೊಳಲು ಬಂತು, ಪದ ಮೇಲಕ್ಕೆ ಹೋಯಿತು, ಅಲ್ಲಿ ನನ್ನ ಬಾಯೇ 'ಟಕ್' ಅಂದುಬಿಟ್ಟಿತು. ನಾಲಿಗೆ ಅಂಗುಳಿಗೆ ಬಡಿದ ಆ ಸದ್ದಿಗೆ ನನಗೇ ಬೆಚ್ಚಿದಂತಾಗಿ, ಆಮೇಲೆ ಜಾನಕಿಯಮ್ಮ ಪದವನ್ನು ಹೇಗೆ ಇಳಿಸಿದರು ಎಂದು ಗಮನಿಸಲೇ ಇಲ್ಲ. ಮುಂದಿನ ಸಾಲುಗಳು ಯಾರದೋ ಮನೆಯ ಹಾಡಿನಂತೆ ಕೇಳಿಸಿ ಮುಗಿದುಹೋದವು. ದೇವಸ್ಥಾನದ ದೊನ್ನೆಯ ಪುಳಿಯೋಗರೆಯನ್ನು ಮನೆಯಲ್ಲಿ ಅದೇ ಅಳತೆಯಲ್ಲಿ ಮಾಡಿ ತಿಂದು ನೋಡಿ, ಗೊತ್ತಾಗುತ್ತದೆ. ಹಾಡು ತಾನಾಗಿ ಎದುರಿನಿಂದ ಬರಬೇಕು. ಅದಕ್ಕೇ ನನಗೆ ರಾಯರ ಜೇಬಿನ ಮೇಲೆ ಕಣ್ಣು.

ಮಗಳಿಗೂ ಆ ಹಾಡು ಗೊತ್ತಂತೆ! ರೀಲಿನಲ್ಲಿ ನೋಡಿದ್ದಾಳೆ. ಹಾಡು ಅಂದೆ, ಕೊಳಲಿನ ಆಚೆಗಿನ ಅರ್ಧ ನಿಮಿಷ ಹಾಡಿ ತೋರಿಸಿದಳು; ಪಲ್ಲವಿ ಯಾವುದು ಅಂದರೆ 'ಅದಕ್ಕೂ ಪಲ್ಲವಿ ಇದೆಯಾ?' ಎಂದಳು. ರಾಯರ ಹತ್ತಿರ ತಲೆ ಇದೆ, ನನ್ನ ಹತ್ತಿರ ಸೊಂಟದವರೆಗೆ, ಇವಳ ಹತ್ತಿರ ಕಾಲು. ಮೂವರನ್ನೂ ಒಂದು ಬೆಂಚಿನ ಮೇಲೆ ಕೂರಿಸಿದರೆ ಬಹುಶಃ ಒಂದು ಪೂರ್ತಿ ಹಾಡು ಆದೀತು.

ಹೋದ ತಿಂಗಳು ನಾನು ದಿಕ್ಕು ಬದಲಿಸಿದೆ. ರಾಯರು ಪ್ರದಕ್ಷಿಣೆ, ನಾನು ಅಪ್ರದಕ್ಷಿಣೆ; ಹೀಗಾಗಿ ಹನ್ನೆರಡು ಸೆಕೆಂಡು. ಅವರ ಹಿಂದೆಯೇ ಹತ್ತು ಅಡಿ ಬಿಟ್ಟು ನಡೆದರೆ ಪಲ್ಲವಿಯಾದರೂ ಪೂರ್ತಿ ಸಿಗುತ್ತದಲ್ಲ. ಮೂರು ದಿನ ನಡೆದೆ. ನಾಲ್ಕನೇ ದಿನ, ಜಾರುಬಂಡೆಯ ಹತ್ತಿರ, ಬಂತು ನೋಡಿ ಏಳನೇ ಹಾಡು! ಪಲ್ಲವಿ ಮುಗಿಯುತ್ತಾ ಬಂತು, ಹೆಬ್ಬೆರಳು ಏಳುತ್ತಾ ಬಂತು, ಅಷ್ಟರಲ್ಲಿ ರಾಯರ ಬೂಟಿನ ಲೇಸು ಬಿಚ್ಚಿತು.

ಅವರು ಕಲ್ಲುಬೆಂಚಿನ ಮೇಲೆ ಕಾಲಿಟ್ಟು ಬಗ್ಗಿದರು. ಫೋನು ಜೇಬಿನಲ್ಲೇ. ಆ ಲೇಸು ಎಷ್ಟು ಉದ್ದವಿತ್ತು, ದೇವರು ದೊಡ್ಡವನು. ಕ್ಯಾಷಿಯರ್ ಗಂಟು ಬೇರೆ, ಒಂದು ಹಾಕಿ, ಎಳೆದು ಪರೀಕ್ಷಿಸಿ, ಅದರ ಮೇಲೆ ಇನ್ನೊಂದು. ಮೊದಲ ಚರಣ ನಿರಾಯಾಸವಾಗಿ ಕಳೆಯಿತು. ಎರಡನೇ ಕಾಲಿನ ಲೇಸೂ ಯಾಕಿರಬಾರದು ಎಂದು ಅದನ್ನೂ ಬಿಚ್ಚಿ ಕಟ್ಟತೊಡಗಿದರು. ಕೊಳಲು! ಬಗ್ಗಿದ ಜೇಬಿನಿಂದ ಸದ್ದು ನೆಲದ ಕಡೆ ಹೋಗುತ್ತಿತ್ತು, ಹಾಗಾಗಿ ನಾನೂ ಬಗ್ಗಿದೆ. ಸರಿಯಾಗಿ ಕೇಳಿಸದೆ ಇನ್ನಷ್ಟು ಬಗ್ಗಿದೆ. ನನ್ನ ಕಿವಿಗೂ ಅವರ ಜೇಬಿಗೂ ಗೇಣು ದೂರ. ಜಾನಕಿಯಮ್ಮ ಪದವನ್ನು ಎತ್ತಿದರು, ಮೇಲಕ್ಕೆ ಒಯ್ದರು, ಮತ್ತು ರಾಯರ ಫೋನು ರಿಂಗಾಯಿತು.

ರಿಂಗ್‌ಟೋನೂ ಪಲ್ಲವಿಯೇ. ಬೇರೆ ಹಾಡಿನದು.

'ಮೆಂತ್ಯ ಸೊಪ್ಪು ತಗೊಂಡ್ ಬನ್ನಿ,' ಎಂದು ಸ್ಪೀಕರಿನಲ್ಲಿ ಅವರ ಮನೆಯವರು ಇಡೀ ಪಾರ್ಕಿಗೆ ಹೇಳಿದರು. 'ಮೊನ್ನೆ ಥರ ಕಡ್ಡಿ ಇರೋದು ತರಬೇಡಿ.' ರಾಯರು 'ಹೂಂ' ಎಂದು ತಲೆಯೆತ್ತಿದರೆ ಎದೆಯ ಹತ್ತಿರ ನನ್ನ ತಲೆ. 'ಏನ್ ಸಾರ್?' ಎಂದರು. ನಾನು 'ಟೈಮ್ ಎಷ್ಟು?' ಎಂದೆ. ಅವರು ನನ್ನ ಕೈಗಡಿಯಾರವನ್ನು ನೋಡಿ, 'ಆರು ನಲವತ್ತು' ಎಂದರು. ನಾಚಿಕೆಗೆ ಒಂದು ವಾರ ಪಾರ್ಕಿಗೆ ಹೋಗಲಿಲ್ಲ.

ಈ ಸೋಮವಾರ ಹೋದರೆ ಪಾರ್ಕು ನಿಶ್ಶಬ್ದ. ರಾಯರು ಎದುರಿನಿಂದ ಬಂದರು, ಜೊತೆಗೆ ಯಾರೂ ಇಲ್ಲ. ಜಾನಕಿ ಇಲ್ಲ, ಶ್ರೀನಿವಾಸ್ ಇಲ್ಲ. ಕಿವಿಗಳಲ್ಲಿ ಅವರೆಬೇಳೆಯಂಥ ಎರಡು ಬಿಳಿ ಬೀಜ, ಮಗ ಕೊಡಿಸಿದ್ದಂತೆ. ನನಗೆ ಖುಷಿಯಾಗಬೇಕಿತ್ತು. ಹಾಳಾದ್ದು, ಪಾರ್ಕಿನಲ್ಲಿ ಇಷ್ಟು ಕಾಗೆಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನಿನ್ನೆ, ಮೊನ್ನೆ ಅವರ ಹೆಜ್ಜೆ ನೋಡಿ ಯಾವ ಹಾಡಿರಬಹುದು ಎಂದು ಊಹಿಸುತ್ತಾ ನಡೆದೆ. ಹೆಬ್ಬೆರಳು ನಾಲಿಗೆಗೆ ಹೋದಾಗ ಮಾತ್ರ, ಒಂದು ಮುಗಿಯಿತು ಎಂದು ತಿಳಿಯುತ್ತಿತ್ತು.

ಇವತ್ತು ಬೆಳಿಗ್ಗೆ ಹೊಂಗೆಮರದ ಹತ್ತಿರ ಅವರೇ ನಿಂತರು. ಬಲಗಿವಿಯ ಬೀಜ ಕಿತ್ತು, ಅಂಗಿಯ ತುದಿಗೆ ಒರೆಸಿ, ಪ್ರಸಾದ ಕೊಟ್ಟಂತೆ ಅಂಗೈಯಲ್ಲಿ ಮುಂದೆ ಹಿಡಿದರು. 'ತಗೊಳ್ಳಿ ಸಾರ್, ಆವತ್ತು ಕೇಳ್ತಾ ಇದ್ರಲ್ಲ.' ಇನ್ನೊಬ್ಬರ ಕಿವಿಯದು, ಇನ್ನೂ ಬೆಚ್ಚಗಿತ್ತು. ಬೇಡ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅದರೊಳಗಿಂದ ಸೊಳ್ಳೆಯಷ್ಟು ಸಣ್ಣಗೆ ಎಸ್ಪಿಬಿ. ಹಾಕಿಕೊಂಡೆ. ನಾನು ದಿಕ್ಕು ತಿರುಗಿ ಪ್ರದಕ್ಷಿಣೆಗೆ ಸೇರಿದೆ. ಇಬ್ಬರೂ ಒಂದೇ ಹೆಜ್ಜೆ ಹಾಕುತ್ತಾ ಕಲ್ಲುಬೆಂಚು ದಾಟಿದೆವು. ಏಳನೇ ಹಾಡು. ಪಲ್ಲವಿ ಮುಗಿಯುತ್ತಾ ಬಂತು. ನಾನು ಓರೆಗಣ್ಣಿನಲ್ಲಿ ನೋಡಿದೆ.

ರಾಯರ ಹೆಬ್ಬೆರಳು ನಾಲಿಗೆಯ ಮೇಲಿತ್ತು.