ಫೋಕಸ್ ಸ್ಯಾಶ್ ಕಟ್ಟಿದರೆ ಪೋಕೆಮಾನ್ ಬೀಳೋದೇ ಇಲ್ವಾ?

"ಫೋಕಸ್ ಸ್ಯಾಶ್ ಕೊಟ್ಟರೆ ನಿಮ್ಮ ಪೋಕೆಮಾನ್ ಎಂಥ ಏಟಿಗೂ ಒಂದು ಸಲ ಖಂಡಿತ ಉಳಿಯುತ್ತೆ" ಅನ್ನೋ ಫಾರ್ವರ್ಡ್ ಗ್ರೂಪುಗಳಲ್ಲಿ ಓಡಾಡ್ತಿದೆ. ಅರ್ಧ ನಿಜ, ಅಷ್ಟೇ.

2006ರ ಪೋಕೆಮಾನ್ ಡೈಮಂಡ್, ಪರ್ಲ್ ವಿಡಿಯೊ ಗೇಮ್‌ಗಳಲ್ಲಿ ಬಂದ, ಪೋಕೆಮಾನ್ ಕೈಗೆ ಕೊಡುವ ಈ ಐಟಂಗೆ ಒಂದು ಷರತ್ತಿದೆ. ಏಟು ಬೀಳುವಾಗ ಎಚ್‌ಪಿ (ಪೋಕೆಮಾನ್‌ನ ಜೀವದ ಅಂಕ) ಪೂರ್ತಿ ಇರಬೇಕು. ಇದ್ದರೆ, ಒಂದೇ ಏಟಿಗೆ ಬೀಳಬೇಕಾದದ್ದು 1 ಎಚ್‌ಪಿಯಲ್ಲಿ ನಿಲ್ಲುತ್ತದೆ, ಸ್ಯಾಶ್ ಅಲ್ಲಿಗೆ ಖರ್ಚಾಗುತ್ತದೆ.

ಈಗ 120 ಎಚ್‌ಪಿಯ ಅಲಕಜಾಮ್ ಅನ್ನೋ ಪೋಕೆಮಾನನ್ನು ಕಳಿಸಿದಿರಿ ಅಂದುಕೊಳ್ಳಿ. ಎದುರಾಳಿ ಮೊದಲೇ ಸ್ಟೆಲ್ತ್ ರಾಕ್ (ಒಳಗೆ ಬರುವ ಪೋಕೆಮಾನ್‌ಗೆ ಚುಚ್ಚುವ ಕಲ್ಲುಗಳ ಬಲೆ) ಹಾಕಿಟ್ಟಿದ್ದರೆ ಒಳಗೆ ಕಾಲಿಟ್ಟ ಕೂಡಲೇ ಎಂಟನೇ ಒಂದು ಭಾಗ, ಅಂದರೆ 15 ಹೋಗುತ್ತದೆ, ಉಳಿದ 105ರಲ್ಲಿ ಸ್ಯಾಶ್ ಸುಮ್ನೆ ಅಲಂಕಾರಕ್ಕೆ. ಮರಳು ಬಿರುಗಾಳಿ, ವಿಷ ಮಾಡೋದೂ ಇದನ್ನೇ. ಏಟಿಗೆ ಮುಂಚೆ ಎಚ್‌ಪಿ ಮತ್ತೆ ತುಂಬಿಸಿಕೊಂಡರೆ ಮಾತ್ರ ಅದು ಪುನಃ ಕೆಲಸಕ್ಕೆ ಬರುತ್ತದೆ.

ಬುಲೆಟ್ ಸೀಡ್‌ನಂಥ ಸಾಲು ಏಟುಗಳ ಮುಂದೆಯೂ ಆಟ ನಡೆಯಲ್ಲ. ಮೊದಲನೆಯದನ್ನು ತಡೆದರೂ ಎರಡನೆಯದು ಕೆಡವುತ್ತದೆ.

ಶೆಡಿಂಜಾ ಅನ್ನೋ ಪೋಕೆಮಾನ್ ಕಥೆ ಮಜವಾಗಿದೆ. ಅದರ ಪೂರ್ತಿ ಎಚ್‌ಪಿಯೇ 1, ಹಾಗಾಗಿ ಸ್ಯಾಶ್ ನೇರ ಏಟಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ, ಆದರೆ ಬಿರುಗಾಳಿ ಬಂದರೆ ಕಥೆ ಮುಗೀತು.

ಇನ್ನು "10% ಸಲ ಮಾತ್ರ ಕೆಲಸ ಮಾಡುತ್ತೆ" ಅಂತ ವಾದಿಸುವವರು ಇದನ್ನು ಫೋಕಸ್ ಬ್ಯಾಂಡ್ ಜೊತೆ ಗೊಂದಲ ಮಾಡಿಕೊಂಡಿದ್ದಾರೆ. ಅದು ಬೇರೆ ಐಟಂ. ಅದಕ್ಕೆ ಪೂರ್ತಿ ಎಚ್‌ಪಿ ಬೇಕಿಲ್ಲ, ಖರ್ಚೂ ಆಗಲ್ಲ, ಅದೃಷ್ಟ ಮಾತ್ರ ಜಾಸ್ತಿ ಬೇಕು.